ಅತ್ಯಾ ಬರೆದ ಬಂದರು

ಮಸ್ಕತ್

ಹೊರಡುವಾಗಲೇ ನಾನು ದಣಿದಿದ್ದೆ. ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿ, ಬೆನ್ನು ನೆಟ್ಟಗಾಗುವ ಮೊದಲೇ ಚೀಲ ಕಟ್ಟಿದ್ದೆ. ವಿಜಾಪುರ ಜಿಲ್ಲೆಯ ನಮ್ಮ ಇಂಡಿಯಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಮುಂಬಯಿ, ಅಲ್ಲಿಂದ ಸಮುದ್ರ ದಾಟಿ ಮಸ್ಕತ್. ದಾರಿಯುದ್ದಕ್ಕೂ ಅತ್ಯಾ ನನ್ನ ಎಡ ಮೊಣಕೈ ಬಿಟ್ಟಿರಲಿಲ್ಲ. ಇಳಿದಾಗ ಅಲ್ಲಿ ಬಳೆ ತೊಟ್ಟ ಹಾಗೆ ಗುರುತು ಬಿದ್ದಿತ್ತು.

ಮಸ್ಕತ್ತಿನ ನಿಲ್ದಾಣದಲ್ಲಿ ನಮ್ಮನ್ನು ತಡೆದದ್ದು ಗುರೆಳ್ಳು ಚಟ್ನಿ. ತಪಾಸಣೆಯ ತರುಣ ಪೊಟ್ಟಣ ಬಿಚ್ಚಿ, ಕರಿಪುಡಿಯನ್ನು ಸಂಶಯದಿಂದ ನೋಡಿ, ಮೂಗಿನ ಹತ್ತಿರ ಒಯ್ದ.

"ಹತ್ರ ಒಯ್ಯಬ್ಯಾಡಪಾ, ಖಾರ ಅದ!" ಎಂದು ಅತ್ಯಾ ಕನ್ನಡದಲ್ಲೇ ಕೂಗಿದಳು.

ಅವನಿಗೆ ಭಾಷೆ ತಿಳಿಯುವುದರೊಳಗೆ ಸೀನು ಬಂತು. ಸೀನಿ, ಕಣ್ಣೊರೆಸಿಕೊಂಡು, ನಕ್ಕು, ಚಟ್ನಿ ಬಿಟ್ಟುಕೊಟ್ಟ. ಕಟಕ ರೊಟ್ಟಿಯನ್ನೂ ಬಿಟ್ಟ. ಇಂಡಿಯ ಲಿಂಬೆಹಣ್ಣುಗಳನ್ನು ಮಾತ್ರ ಬಿಡಲಿಲ್ಲ. ಅತ್ಯಾ ಒಂದು ಹಣ್ಣನ್ನು ಉಗುರಿನಿಂದ ಗೀರಿ, ಕೊನೆಯ ಸಲ ಮೂಸಿ, ಅವನ ಕೈಗೆ ಕೊಟ್ಟಳು.

ಅತ್ಯಾ ಅಂದರೆ ನನ್ನ ತಂದೆಯ ಅಕ್ಕ. ಹೆಸರು ಗೋದಾವರಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿ, ನಿವೃತ್ತಿಯ ನಂತರ ಇಂಡಿಗೆ ಮರಳಿದವಳು. ಮದುವೆಯಾಗಲಿಲ್ಲ. ಐತಿಹಾಸಿಕ ಕಾದಂಬರಿಗಳನ್ನು ಬರೆದಳು. ನಮ್ಮ ಮನೆಯಲ್ಲಿ ಅವುಗಳನ್ನು ಶೀರ್ಷಿಕೆಯಿಂದ ಯಾರೂ ಕರೆಯುವುದಿಲ್ಲ. ಕೋಟೆಯ ಪುಸ್ತಕ, ಬಾವಿಯ ಪುಸ್ತಕ, ಕುದುರೆಯ ಪುಸ್ತಕ ಎನ್ನುತ್ತೇವೆ. ಈ ಪ್ರವಾಸ ಕುದುರೆಯ ಪುಸ್ತಕದ್ದು. ಒಮಾನಿನ ಕಲ್ಹಾತ್ ಎಂಬ ಹಳೆಯ ಬಂದರಿನಲ್ಲಿ ಒಂದು ಹೆಣ್ಣುಗುದುರೆಯನ್ನು ಹಡಗು ಹತ್ತಿಸುತ್ತಾರೆ. ಅದನ್ನು ಸಾಕಿದ ಹುಡುಗ ಬಿಟ್ಟಿರಲಾರದೆ ತಾನೂ ಹತ್ತುತ್ತಾನೆ. ಇಬ್ಬರೂ ಆದಿಲಶಾಹಿಯ ವಿಜಾಪುರಕ್ಕೆ ಬಂದು ಸೇರುತ್ತಾರೆ. ಮೊದಲ ಅಧ್ಯಾಯ ಪೂರ್ತಿ ಬಂದರಿನದು. ನಮ್ಮ ಕಡೆಯ ಓದುಗರು ಇವತ್ತಿಗೂ ನೆನೆಯುವುದು ಅದನ್ನೇ.

ಪುಸ್ತಕ ಎಷ್ಟೋ ವರ್ಷಗಳಿಂದ ಸಿಗುತ್ತಿರಲಿಲ್ಲ. ಧಾರವಾಡದ ಪ್ರಕಾಶಕರೊಬ್ಬರು ಮತ್ತೆ ಅಚ್ಚು ಹಾಕಲು ಮುಂದೆ ಬಂದರು. ಕರಡು ಪುಟಗಳು ನನ್ನ ಚೀಲದಲ್ಲೇ ಇದ್ದವು. ಅತ್ಯಾ ಹೂಂ ಎಂದರೆ ಸಾಕು. ಆದರೆ ಅವಳು ಹೂಂ ಎನ್ನಲಿಲ್ಲ.

"ಉಳಿದ ಜಾಗಾ ಎಲ್ಲಾ ನಾ ನಡದು ನೋಡಿ ಬರದೀನಿ. ಬಂದರೊಂದೇ ಕೂತಲ್ಲೇ ಬರದದ್ದು. ಅದನ್ನ ನೋಡಿದ ಮ್ಯಾಲೆ ಹೇಳ್ತೀನಿ. ಅದು ಸುಳ್ಳಿದ್ದರ ಪುಸ್ತಕ ಹೊರಗ ಬರೋದು ಬ್ಯಾಡ."

ನೋಡಲು ಸಮಯ ಹೆಚ್ಚು ಉಳಿದಿರಲಿಲ್ಲ. ಅವಳ ಕಣ್ಣಿನ ನರ ಒಣಗುತ್ತಿದೆ. ನೇರ ಎದುರಿಗಿದ್ದದ್ದು ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತದೆ, ಅಕ್ಕಪಕ್ಕದ್ದು ಇಲ್ಲ. ಆ ಕೊಳವೆಯೂ ಸಣ್ಣದಾಗುತ್ತಿದೆ. ಅದಕ್ಕೇ ನಾನು ಜೊತೆಗೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ, ಮಾತು ಕಡಿಮೆ. ನನ್ನ ಬಗ್ಗೆ ಇಷ್ಟು ಸಾಕು.

ಸೂರಿನ ದಾರಿ

ಹೊರಗೆ ಮಹಿಬೂಬ ಕಾಯುತ್ತಿದ್ದ. ಸಿಂದಗಿಯಲ್ಲಿ ಅತ್ಯಾನ ವಿದ್ಯಾರ್ಥಿಯಾಗಿದ್ದವನು. ಈಗ ಗಡ್ಡ ಬೆಳ್ಳಗಾಗಿದೆ, ಸೂರ್ ಎಂಬ ಕರಾವಳಿಯ ಊರಿನಲ್ಲಿ ಸ್ವಂತ ಗ್ಯಾರೇಜು ಇದೆ. "ಅಕ್ಕೋರ, ನೀವು ಬರದ ಬಂದರ ನಮ್ಮ ಮನಿ ಮಗ್ಗಲಕ್ಕ ಐತಿ, ಒಮ್ಮೆ ಬರ್ರಿ" ಎಂದು ಪ್ರತಿ ವರ್ಷ ಫೋನು ಮಾಡಿ ಕರೆಯುತ್ತಿದ್ದವನು ಅವನೇ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನಿಲ್ದಾಣದ ಅಷ್ಟು ಜನರ ನಡುವೆ ಅವನು ಬಾಗಿ ಅವಳ ಪಾದ ಮುಟ್ಟಿದ.

"ಎಷ್ಟು ದಪ್ಪ ಆಗೀಯೋ!"

"ಗಾಡಿ ರಿಪೇರಿ ಮಾಡೋರು ನಡಿಯೂದಿಲ್ರಿ ಅಕ್ಕೋರ. ಗಾಡೀನ ನಮ್ಮ ಕಡೆ ಬರ್ತಾವು."

ಕಾರಿನ ಬಾಗಿಲು ತೆರೆದ ಕೂಡಲೇ ಲೋಬಾನದ ವಾಸನೆ ಮುಖಕ್ಕೆ ಬಡಿಯಿತು. ಸೀಟು, ಬೆಲ್ಟು, ನೆಲದ ಚಾಪೆ ಎಲ್ಲಕ್ಕೂ ಹೊಗೆ ಹಿಡಿಸಿದಂತಿತ್ತು. ಅತ್ಯಾ ಒಳಗೆ ಕೂತು, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ವೈಜೂ, ವಾಸನಿ ಬಂತೇನು? ಲೋಬಾನ."

ಅವಳ ಸಂತೋಷಕ್ಕೆ ಕಾರಣ ನನಗೆ ಗೊತ್ತಿತ್ತು. ಮೊದಲ ಅಧ್ಯಾಯದ ಬಂದರು ಲೋಬಾನದ ಹೊಗೆಯಲ್ಲೇ ಕಣ್ಣು ತೆರೆಯುತ್ತದೆ. ಅತ್ಯಾ ವಾಸನೆಯಿಂದ ಬರೆಯುವವಳು. ಅವಳ ಕಾದಂಬರಿಯ ಅರಮನೆ ತೋಟಗಳಲ್ಲಿ ಹೂಬಿಟ್ಟದ್ದು ಇಂಡಿಯ ಲಿಂಬೆ. ಅವಳ ಸಮುದ್ರ ಮುದ್ದೇಬಿಹಾಳದ ಕಡೆಯ ಕೃಷ್ಣೆ. ರಜೆಯಲ್ಲಿ ಬಸ್ಸು ಹಿಡಿದು ಹೋಗಿ, ದಂಡೆಯಲ್ಲಿ ಕೂತು, ಆಚೆ ದಂಡೆಯನ್ನು ಅಂಗೈಯಿಂದ ಮರೆಮಾಡಿಕೊಂಡು ನೋಡುತ್ತಿದ್ದಳಂತೆ. ಅವಳ ಕುದುರೆ, ಬಾಗೇವಾಡಿಯ ಊರಿಗೂ ರೈಲು ನಿಲ್ದಾಣಕ್ಕೂ ನಡುವೆ ಓಡಾಡುತ್ತಿದ್ದ ಒಂದು ಟಾಂಗಾದ್ದು. ಬಾಯಿಗೆ ಕಡಲೆಯ ಚೀಲ ಕಟ್ಟಿಕೊಂಡು ನಿಂತಿರುತ್ತಿದ್ದ ಆ ಬಡಕಲು ಪ್ರಾಣಿಯ ಬೆವರನ್ನು ಅವಳು ಆದಿಲಶಾಹಿಯ ಲಾಯಕ್ಕೆ ಒಯ್ದಳು. ಕಣ್ಣು ಮಂಕಾದ ಮೇಲಂತೂ ಮೂಗೇ ಅವಳ ಸಾಕ್ಷಿ.

ರಸ್ತೆ ನುಣ್ಣಗಿತ್ತು. ಯಾರೂ ಹಾರ್ನ್ ಹೊಡೆಯಲಿಲ್ಲ. ಅಷ್ಟು ಗಾಡಿಗಳು ಇಷ್ಟು ಮೌನವಾಗಿ ಹೋಗುವುದನ್ನು ನೋಡಿ, ಸಿಂದಗಿಯ ಬಸ್ ನಿಲ್ದಾಣ ನೆನಪಾಗಿ, ನನಗೆ ಏನೋ ಕೆಟ್ಟದ್ದು ನಡೆದಿದೆ ಅನ್ನಿಸುತ್ತಿತ್ತು.

"ಏನು ಕಾಣ್ತದ?" ಅತ್ಯಾ ಕೇಳುತ್ತಿದ್ದಳು.

"ಗುಡ್ಡ."

"ಎಂಥಾ ಗುಡ್ಡ?"

"ಬೋಳು ಗುಡ್ಡ. ಕಂದು ಬಣ್ಣ. ಒಂದು ಹುಲ್ಲೂ ಇಲ್ಲ."

"ಮುಳವಾಡದ ಕಡೆ ಕಾಲುವಿ ನೀರು ಬರೂಕಿಂತ ಮೊದಲ ಹಂಗಿತ್ತಲ್ಲ, ಹಂಗೇನು?"

"ಅದಕ್ಕಿಂತ ಬೋಳು."

ಒಂದು ತಿರುವಾಗುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಬೋಳು ಗುಡ್ಡವನ್ನು ಎಷ್ಟು ಬಗೆಯಲ್ಲಿ ಹೇಳಬಹುದು ಎಂಬುದು ಮುಗಿದ ಮೇಲೆ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ಸಮುದ್ರ ಎಡಕ್ಕೆ ಕಾಣಿಸಿಕೊಂಡಾಗ ಮಹಿಬೂಬ ತಾನೇ ಹೇಳಿದ. ಅತ್ಯಾ ಕಿಟಕಿಯ ಕಾಜು ಇಳಿಸಲು ಹೇಳಿದಳು.

"ಬ್ಯಾಡ್ರಿ ಅಕ್ಕೋರ, ಕಣ್ಣಾಗ ಉಸುಕು ಹೊಕ್ಕೀತು. ನಿಮ್ಮ ಕಣ್ಣು ಮೊದಲ ನಾಜೂಕ."

ಅವನು ಹೇಳಿದ್ದು ಸರಿಯಾಗೇ ಕಂಡಿತು. ಸೂರ್ ಹತ್ತಿರ ಬರುವಾಗ ದಂಡೆಗುಂಟ ಹೋಗುವ ನೇರ ರಸ್ತೆ ಬಿಟ್ಟು ಅವನು ಊರ ಹಿಂದಿನಿಂದ ಸುತ್ತಿ ಬಂದದ್ದನ್ನು ಮಾತ್ರ ನಾನು ಗಮನಿಸಿದೆ. ಕೇಳುವಷ್ಟು ತ್ರಾಣ ಇರಲಿಲ್ಲ.

ಸೂರ್

ಮಹಿಬೂಬನ ಹೆಂಡತಿ ಶಮಶಾದ ಮುದ್ದೇಬಿಹಾಳದವಳು. ನಮಗಾಗಿ ಒಂದು ಕೋಣೆ ತೆರವು ಮಾಡಿ, ಅದರ ಮೂಲೆಯಲ್ಲಿ ಹೊಸ ಒಲೆ, ಹೊಸ ಪಾತ್ರೆ, ಸೀಲು ಒಡೆಯದ ಬೇಳೆ ಅಕ್ಕಿ ಇಟ್ಟಿದ್ದಳು. ಚಮಚಕ್ಕೆ ಅಂಟಿಸಿದ ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. "ಯಾರೂ ಮುಟ್ಟಿಲ್ರಿ, ನೀವ ಬಿಚ್ಚರಿ" ಎಂದಳು. ಅತ್ಯಾ ಯಾರ ಮನೆಗೆ ಹೋದರೂ ತನ್ನ ಅಡುಗೆ ತಾನೇ ಮಾಡಿಕೊಳ್ಳುವವಳು. ಅದು ಗೊತ್ತಿದ್ದು ಇಷ್ಟು ಮಾಡಿದ್ದರು.

ಮನೆಯಲ್ಲೂ ಲೋಬಾನ. ನಸುಕಿನಲ್ಲಿ, ಮಧ್ಯಾಹ್ನ, ಸಂಜೆ. ಮಣ್ಣಿನ ಧೂಪದಾನಿ ಆರಲು ಬಿಡುತ್ತಿರಲಿಲ್ಲ. ಮಹಿಬೂಬ ಅದನ್ನು ಹಿಡಿದುಕೊಂಡು ಕಿಟಕಿ ಕಿಟಕಿಗೆ ಹೋಗುವುದನ್ನು ನೋಡಿದರೆ ಮನೆಗೆ ಸೊಳ್ಳೆ ಔಷಧ ಹೊಡೆಯುತ್ತಿರುವವನಂತೆ ಇತ್ತು.

ನೆರೆಯ ಹೆಣ್ಣುಮಕ್ಕಳು ನಮ್ಮನ್ನು ನೋಡಲು ಬಂದರು. ಇಲ್ಲಿಯವರು ಮಾತಿಗೆ ಮೊದಲು ಕ್ಷೇಮ ಕೇಳುತ್ತಾರೆ, ಉತ್ತರ ಸಿಕ್ಕ ಮೇಲೆ ಮತ್ತೆ ಅದನ್ನೇ ಕೇಳುತ್ತಾರೆ. ನಮ್ಮೂರಲ್ಲಿ "ಎಲ್ಲಿ ಹೊಂಟೀರಿ?" ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುವ ಕೆಲಸ. ಕಿರುಬಟ್ಟಲಿನಲ್ಲಿ ಕಾಫಿ ಕೊಟ್ಟರು. ಬಟ್ಟಲು ಖಾಲಿಯಾದ ಕೂಡಲೇ ತುಂಬಿದರು. ಅತಿಥಿ ಸಾಕು ಎನ್ನಬೇಕಾದರೆ ಬಟ್ಟಲನ್ನು ಮಣಿಕಟ್ಟಿನಿಂದ ಮೆಲ್ಲಗೆ ಅಲ್ಲಾಡಿಸಬೇಕು. ಅದು ನನಗೆ ಗೊತ್ತಿರಲಿಲ್ಲ. ಬೇಡ ಎನ್ನಲು ಸಂಕೋಚ. ಕುಡಿದೆ, ಕುಡಿದೆ. ಅತ್ಯಾ ಬಟ್ಟಲನ್ನು ಮೊದಲೇ ಬೋರಲು ಹಾಕಿ ಆರಾಮವಾಗಿ ಕೂತಿದ್ದಳು. ಅವತ್ತು ನನಗೆ ಕಣ್ಣು ಮುಚ್ಚಲಾಗಲಿಲ್ಲ. ಕಣ್ಣು ಉರಿ, ಮೈ ಭಾರ, ಎದೆ ಮಾತ್ರ ಟಾಂಗಾದ ಕುದುರೆಯ ಹಾಗೆ.

ಊಟದಲ್ಲಿ ಅವರು ಹಾಕುವ ಒಂದು ಕಪ್ಪು ಗುಂಡನ್ನು ಶಮಶಾದ ತಂದು ತೋರಿಸಿದಳು. ಒಣಗಿಸಿದ ಲಿಂಬೆ. ಅತ್ಯಾ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಒಳಗೆ ಬೀಜ ಗುಲುಗುಲು ಎಂದಿತು. ಮೂಸಿದಳು.

"ನಮ್ಮ ಲಿಂಬೀನ. ಅಜ್ಜಿ ಆಗ್ಯದ, ಅಷ್ಟ."

ಅವಳು ತುಂಬ ಗೆಲುವಾಗಿದ್ದಳು. "ಲೋಬಾನ ಅದ, ಖರ್ಜೂರ ಅದ. ನಾ ಬರದದ್ದು ಸುಳ್ಳಲ್ಲ ವೈಜೂ" ಎಂದು ಮಲಗುವ ಮುಂಚೆ ಹೇಳಿದಳು. ನಾನು ಪ್ರಕಾಶಕರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ: ತಿದ್ದುಪಡಿ ಏನೂ ಇಲ್ಲ, ಅಚ್ಚಿಗೆ ಕಳಿಸಿ. ಈ ಕೆಲಸ ಮುಗಿದರೆ ಸಾಕಾಗಿತ್ತು.

ಮರುದಿನ ಕುಡಿಯುವ ನೀರು ಕೇಳಲು ಅಡುಗೆಮನೆಗೆ ಹೋದೆ. ಶಮಶಾದ ಬದನೆಕಾಯಿ ಹೆಚ್ಚುತ್ತಿದ್ದಳು. ಮುಖ ಸಪ್ಪೆಯಾಗಿತ್ತು.

"ಆರಾಮ ಇಲ್ಲೇನ್ರಿ?" ಎಂದೆ.

"ಆರಾಮ ಅದೀನಕ್ಕಾ. ನೀವು ಬರೂ ಮುಂಚಿನಿಂದ ದಿನಾ ಬದನಿಕಾಯಿ. ಮೀನ ಇಲ್ಲದ ಅನ್ನ ಗಂಟಲಾಗ ಇಳಿಯವಲ್ದು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಹೇಳಬ್ಯಾಡ್ರಿ ಮತ್ತ. ನಮ್ಮ ಮನಿಯವರು ಫ್ರಿಜ್ಜ ತೊಳದು, ಮೀನೆಲ್ಲಾ ಮಗ್ಗಲ ಮನಿಗೆ ಕೊಟ್ಟು, ಅಕ್ಕೋರು ಹೋಗೂತನಕ ಅದರ ಹೆಸರ ತಗಿಬ್ಯಾಡ ಅಂದಾರ. ಊರೆಲ್ಲಾ ಮೀನ ನಾರತೈತಿ. ಲೋಬಾನ ಸುಟ್ಟು ಸುಟ್ಟು ಕೆಮ್ಮ ಹತ್ತೇತಿ ನನಗ."

ನಾನು ನೀರಿನ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತೆ. ಊರ ಹಿಂದಿನ ಸುತ್ತುದಾರಿ, ಇಳಿಯದ ಕಾಜು, ಆರದ ಧೂಪದಾನಿ ಎಲ್ಲವೂ ಒಟ್ಟಿಗೆ ಅರ್ಥವಾದವು. ಇನ್ನೊಂದು ಮಾತೂ ಹೊಳೆಯಿತು. ಕೋಣೆಗೆ ಬಂದು ಕರಡು ಪುಟಗಳನ್ನು ತೆಗೆದು ಮೊದಲ ಅಧ್ಯಾಯವನ್ನು ತಿರುವಿದೆ. ಅಷ್ಟು ದೊಡ್ಡ ಬಂದರು. ಹಡಗು, ಹಗ್ಗ, ಕುದುರೆ, ವ್ಯಾಪಾರಿ, ಖರ್ಜೂರ. ಎಲ್ಲಿಯೂ ಒಂದು ಮೀನಿಲ್ಲ. ಬಲೆ ಇಲ್ಲ. ಮೀನು ಹಿಡಿಯುವವನಿಲ್ಲ, ಮಾರುವವಳಿಲ್ಲ. ಒಮಾನಿನ ಕುದುರೆ ಬಾಗೇವಾಡಿಯ ಕುದುರೆಯ ಹಾಗೆ ಕಡಲೆ, ಜೋಳದ ಕಣಕಿ ತಿಂದುಕೊಂಡು ನಿಂತಿದೆ. ನಾನು ಇದನ್ನು ಎಷ್ಟು ಸಲ ಓದಿದ್ದೆ! ನಾನೂ ಅದೇ ಮನೆಯವಳು. ಮೀನಿಲ್ಲದ ಬಂದರು ನನಗೆ ಎಂದೂ ಖಾಲಿ ಅನ್ನಿಸಿರಲಿಲ್ಲ.

ಹೇಳಿದರೆ ಪುಸ್ತಕ ನಿಲ್ಲುತ್ತದೆ. ಹೇಳದಿದ್ದರೆ ಅವಳು ಮೋಸಹೋಗಿ ಹೂಂ ಅನ್ನುತ್ತಾಳೆ. ನಾನು ಪುಟಗಳನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ.

ಕಲ್ಹಾತ್

ಕಲ್ಹಾತಿಗೆ ಹೋದ ದಿನ ಏಕಾದಶಿ. ಪರದೇಶದಲ್ಲಿ ಏಕಾದಶಿ ಯಾವಾಗ ಎಂಬ ಪ್ರಶ್ನೆ ಇಂಡಿಯಲ್ಲೇ ಎದ್ದಿತ್ತು. ಅತ್ಯಾ ಆಚಾರ್ಯರಿಗೆ ಫೋನು ಮಾಡಿ, "ಅಲ್ಲಿ ಹೊತ್ತು ತಡಾ ಮಾಡಿ ಹುಟ್ತದಂತಲ್ರಿ?" ಎಂದು ಕೇಳಿ ಇತ್ಯರ್ಥ ಮಾಡಿಕೊಂಡು ಬಂದಿದ್ದಳು. ಅವಳದು ನಿರಾಹಾರ. ನಾನು ನಾಚಿಕೆಯಿಲ್ಲದೆ ಖರ್ಜೂರ ತಿಂದೆ.

ಏಕಾದಶಿಯ ವಿಷಯ ಇಲ್ಲಿ ಹೇಳಲೇಬೇಕು. ಅಜ್ಜಿ ಬೇಗ ತೀರಿಕೊಂಡಿದ್ದಳು. ಒಂಟಿ ಹೆಣ್ಣುಮಗಳು ಪರಊರಿನಲ್ಲಿರಬಾರದು ಎಂದು ಅಜ್ಜ ಪ್ರತಿ ವರ್ಗಾವಣೆಗೂ ಅತ್ಯಾನ ಜೊತೆಗೇ ಹೋಗುತ್ತಿದ್ದ. ಆತನಿಗೆ ಮಡಿಯ ಅಡುಗೆ ಆಗಬೇಕು. ಅವಳು ಶಾಲೆಗೆ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಒಲೆಯ ಮುಂದೆ. ಒಲೆ ಹೊತ್ತದ ದಿನ ಏಕಾದಶಿ ಒಂದೇ. ಅವಳ ಕಾದಂಬರಿಗಳೆಲ್ಲ ಏಕಾದಶಿಗಳಲ್ಲಿ ಬರೆದವು. ತಿಂಗಳಿಗೆ ಎರಡು ದಿನ, ಹಸಿದ ಹೊಟ್ಟೆಯಲ್ಲಿ. ಸಂಜೆ ಅಜ್ಜನ ಮುಂದೆ ಕೂತು, ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಅಜ್ಜ ಕಣ್ಣು ಮುಚ್ಚಿ ಕೇಳುವನು. ಅವಳ ಮೊದಲ ಓದುಗನೂ, ಎಷ್ಟೋ ವರ್ಷ ಒಬ್ಬನೇ ಓದುಗನೂ ಆತನೇ.

ಕಲ್ಹಾತಿನಲ್ಲಿ ಉಳಿದಿರುವುದು ಕಡಿಮೆ. ಗುಡ್ಡದ ಬುಡದಲ್ಲಿ ಕಲ್ಲಿನ ರಾಶಿ, ಮುರಿದ ಗೋಡೆಯ ಗುರುತುಗಳು, ಗುಮ್ಮಟ ಕುಸಿದ ಒಂದು ಗೋರಿ. ಕೆಳಗೆ ಸಮುದ್ರ. ಗುಮ್ಮಟಗಳ ಜಿಲ್ಲೆಯಿಂದ ಬಂದ ನಮಗೆ ಅದು ಪುಟ್ಟದಾಗಿ ಕಂಡಿತು. ಅತ್ಯಾ ಬಿಸಿಲಿನಲ್ಲಿ ನನ್ನ ಮೊಣಕೈ ಹಿಡಿದು ಒಂದೊಂದು ಕಲ್ಲನ್ನೂ ಚಪ್ಪಲಿಯ ತುದಿಯಿಂದ ತಟ್ಟುತ್ತ ನಡೆದಳು.

"ಏನು ಕಾಣ್ತದ?"

"ಕಲ್ಲು. ಆಮೇಲೆ ನೀರು."

"ಆಚೆ ದಂಡಿ?"

"ಇಲ್ಲ ಅತ್ಯಾ. ಆಚೆ ದಂಡೆ ಇಲ್ಲ."

ಅವಳು ಅಂಗೈಯನ್ನು ಕಣ್ಣಿನ ಮುಂದೆ ಎತ್ತಿದಳು, ಕೃಷ್ಣೆಯ ದಂಡೆಯಲ್ಲಿ ಮಾಡುತ್ತಿದ್ದ ಹಾಗೆ. ಆಮೇಲೆ ಕೈ ಇಳಿಸಿದಳು. ಗಾಳಿ ಗುಡ್ಡದ ಕಡೆಯಿಂದ ಸಮುದ್ರಕ್ಕೆ ಬೀಸುತ್ತಿತ್ತು. ಬಿಸಿ ಕಲ್ಲಿನ ವಾಸನೆಯ ಹೊರತು ಏನೂ ಇರಲಿಲ್ಲ. ಅವಳು ಬಹಳ ಹೊತ್ತು ನಿಂತಳು. ಮುಖದಲ್ಲಿನ ಗೆಲುವು ಇಷ್ಟಿಷ್ಟೇ ಇಳಿಯುತ್ತಿತ್ತು. ಹಸಿವು ಅಂದುಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ಅವಳು ಮಹಿಬೂಬನ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ಮಹಿಬೂಬ."

"ರೀ ಅಕ್ಕೋರ."

"ಇಷ್ಟು ದಿನ ಆತು, ಸಮುದ್ರದ ಮಗ್ಗಲಿಗೆ ಓಡಾಡ್ಲಿಕ್ಕತ್ತೇವಿ. ಒಮ್ಮೆರೆ ಕಾಜು ಇಳಿಸಿಲ್ಲ ನೀನು."

"ಉಸುಕ್ರಿ ಅಕ್ಕೋರ."

"ನಿನ್ನೆ ಗಾಳಿ ಇರಲಿಲ್ಲ."

"ಬಿಸಲ್ರಿ."

"ಸಿಂದಗಿ ಸಾಲ್ಯಾಗ ನೀ ಸುಳ್ಳು ಹೇಳೂ ಮುಂದ ಎಡಗಿವಿ ತುರಿಸ್ಕೋತಿದ್ದಿ. ನನಗ ಎದುರಿಗಿದ್ದದ್ದು ಇನ್ನೂ ಕಾಣ್ತದ. ಕೈ ಕೆಳಗ ಇಳಸು. ಕಾಜನೂ ಇಳಸು."

ಮಹಿಬೂಬನ ಕೈ ಕಿವಿಯಿಂದ ಇಳಿಯಿತು. ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಹೊರಗೆ ನೋಡಿದೆ. ಕಾಜು ಇಳಿಯಿತು.

ಊರಾಚೆಯ ದಂಡೆ

ವಾಸನೆ ಒಳಗೆ ನುಗ್ಗಿತು. ಅದನ್ನು ಬಣ್ಣಿಸಲಾರೆ. ಉಪ್ಪು, ಬಿಸಿಲು, ಕೊಳೆತದ್ದು, ಎಣ್ಣೆ. ಅತ್ಯಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಸೆರಗು ತಾನಾಗೇ ಕೆಳಗಿಳಿಯಿತು.

"ಗಾಡಿ ಆ ಕಡೆ ತಿರಗಸು. ಎಲ್ಲಿಂದ ಬರ್ತದೋ ಅಲ್ಲಿಗೆ."

"ಬ್ಯಾಡ್ರಿ ಅಕ್ಕೋರ. ಇವತ್ತ ನಿಮ್ಮದು ಉಪಾಸ."

"ಉಪಾಸ ಹೊಟ್ಟಿಗೆ. ತಿರಗಸು."

ದಂಡೆಯ ಮರಳಿನ ಮೇಲೆ ಕಣ್ಣು ಹಾಯುವಷ್ಟು ದೂರ ಸಣ್ಣ ಮೀನುಗಳನ್ನು ಹರವಿದ್ದರು. ನಮ್ಮಲ್ಲಿ ಕಣದಲ್ಲಿ ಜೋಳ ಹರವುವ ಹಾಗೆ. ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಹೆಂಗಸರು ಕಾಲಿನಿಂದ ಕೆದರಿ ತಿರುವಿ ಹಾಕುತ್ತಿದ್ದರು. ಅದೂ ಕಣದ ಹಾಗೇ. ಪಕ್ಕದಲ್ಲಿ ಖರ್ಜೂರದ ಗಿಡಗಳ ಕೆಳಗೆ ಒಂದು ಆಕಳು ಕಟ್ಟಿತ್ತು. ಒಬ್ಬ ಮುದುಕ ಅದರ ಮುಂದೆ ಬುಟ್ಟಿ ಸುರಿದ. ಖರ್ಜೂರ ಮತ್ತು ಒಣಮೀನು.

ಹೇಳದೆ ಬಿಡಬೇಕೆಂದಿದ್ದೆ. ಆದರೆ ಅದು ನೇರ ಅವಳ ಎದುರಿಗೇ ಇತ್ತು.

"ವೈಜೂ, ಆಕಳು ಏನು ತಿನ್ನಲಿಕ್ಕತ್ತದ?"

"ಮೀನು ಅತ್ಯಾ."

"ಆಕಳು?"

"ಹೂಂ."

"ಅಯ್ಯ ಶಿವನ!" ಎಂದಳು, ವೈಷ್ಣವರ ಮನೆಯವಳು ಎನ್ನುವುದನ್ನೂ ಮರೆತು. ಆಕಳು ನಮ್ಮ ಕಡೆ ಕತ್ತು ತಿರುಗಿಸಿತು. ಬಾಯಿಯ ಮೂಲೆಯಲ್ಲಿ ಒಂದು ಮೀನಿನ ಬಾಲ ಅಂಟಿತ್ತು. ಅತ್ಯಾಗೆ ನಗು ಬಂತು. ತಡೆಯಲಾರದೆ ನಕ್ಕಳು. ಎಷ್ಟೋ ದಿನಗಳ ನಂತರ ನನಗೂ ನಗು ಬಂತು. ಮುದುಕನೂ ಏಕೆಂದು ತಿಳಿಯದೆ ನಕ್ಕ.

"ಕೇಳು ಮಹಿಬೂಬ. ಹಿಂದಕ ಇವರು ಕುದುರಿಗೂ ಇದನ್ನ ಹಾಕ್ತಿದ್ದರೇನು?"

ಮಹಿಬೂಬ ಅರಬ್ಬಿಯಲ್ಲಿ ಕೇಳಿದ. ಮುದುಕ ಕೈ ಬೀಸಿ ಏನೋ ಹೇಳಿದ.

"ಅವರಜ್ಜನ ಕುದುರಿ ತಿಂತಿತ್ತಂತ್ರಿ. ಇಲ್ಲಿ ಹುಲ್ಲೆಲ್ಲಿ ಐತಿ, ಮತ್ತೇನ ಹಾಕೂದು ಅಂತಾನ್ರಿ."

ಅತ್ಯಾ ತಲೆಯಾಡಿಸಿದಳು. ಆಶ್ಚರ್ಯ ಪಡಲಿಲ್ಲ. ಖರ್ಜೂರದ ಗಿಡದ ಬುಡಕ್ಕೆ ಕೂತಳು. ಆಮೇಲೆ, ಯಾರ ಮುಖವನ್ನೂ ನೋಡದೆ, ಹೇಳಿದಳು:

"ನನಗ ಇದು ಗೊತ್ತಿತ್ತು. ಹಳೇ ಪ್ರವಾಸಿಗಳು ಬರದಿಟ್ಟಾರ, ಈ ಕಡೆ ಕುದುರಿಗೆ ಒಣಮೀನ ಹಾಕ್ತಾರ ಅಂತ. ಬಾಗೇವಾಡ್ಯಾಗ ಇರೂ ಮುಂದ ಓದಿದ್ದೆ. ಬರದೂ ಬರದೆ. ಹುಡುಗ ಅಂಗೈಯಾಗ ಮೀನ ಹಿಡದು ಕುದುರಿಗೆ ತಿನಸ್ತಾನ. ಚೊಲೋ ಬಂದಿತ್ತು ಅದು. ಸಂಜಿಕೆ ಅಪ್ಪನ ಮುಂದ ಓದಲಿಕ್ಕೆ ಕೂತೆ. ಆ ಜಾಗಾಕ್ಕ ಬಂದೆ. ಅಪ್ಪ ಕಣ್ಣು ತಗದ. ಬೈಲಿಲ್ಲ. 'ಗೋದಾ, ಇವತ್ತ ಏಕಾದಶಿ' ಅಂದ. ಅಷ್ಟ."

"ಆಮೇಲೆ?" ಎಂದೆ.

"ಆಮ್ಯಾಲೆ ಏನು. ಮೀನ ತಗದೆ, ಕಡ್ಲಿ ಹಾಕಿದೆ. ಮೀನ ಹೋದ ಮ್ಯಾಲೆ ಬಲಿ ಯಾಕ ಬೇಕು? ಬಲಿ ತಗದೆ. ಬಲಿ ಹೋದ ಮ್ಯಾಲೆ ಅದನ್ನ ಬೀಸೋರು, ಮಾರೋರು, ಒಣಗಸೋರು. ಒಂದು ಮೀನ ತಗೀಲಿಕ್ಕೆ ಹೋಗಿ ಬಂದರದಾಗಿನ ಅರ್ಧಾ ಮಂದೀನ ತಗೀಬೇಕಾತು. ವಾಸನಿ ಏನೂ ಉಳೀಲಿಲ್ಲ. ಅದಕ್ಕ ಲೋಬಾನ ಹಾಕಿದೆ." ಮಹಿಬೂಬನ ಕಡೆ ತಿರುಗಿ ಕೇಳಿದಳು, "ನಿನಗ ಯಾವಾಗ ಗೊತ್ತಾತು ಮಹಿಬೂಬ?"

ಮಹಿಬೂಬ ಮರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಗಡ್ಡ ಬೆಳ್ಳಗಾದರೂ ಶಾಲೆಯ ಹುಡುಗನ ಹಾಗೆ.

"ಇಲ್ಲಿಗೆ ಬರೂ ಮುಂದ ಬಾಗೇವಾಡಿಗೆ ನಿಮ್ಮ ಕಾಲ ಮುಟ್ಟಾಕ ಬಂದಿದ್ನೆಲ್ರಿ, ಆಗ ಪುಸ್ತಕ ಕೊಟ್ಟಿದ್ರಿ. ವಿಮಾನದಾಗ ಓದಿದ್ನಿ. ಲೋಬಾನದ ಊರು, ಆಹಾ ಅಂದ್ಕೊಂಡ್ನಿ. ಇಳದ ಮರುದಿನಾನ ಇದ ದಂಡಿಗೆ ತಂದು ಬಿಟ್ಟರ್ರಿ. ಗ್ಯಾರೇಜ ಆಮ್ಯಾಲೆ ಆತು. ಮೊದಲ ಮೀನ ತೊಳಿಯೂ ಕೆಲಸ್ರಿ. ಕೈ ವಾಸನಿ ಹೋಗಲಿ ಅಂತ ಲಿಂಬಿಹಣ್ಣ ತಿಕ್ಕಿ ತಿಕ್ಕಿ ಚರ್ಮ ಸುಲಿತಿತ್ರಿ."

"ನನಗ ಹೇಳಲಿಲ್ಲಲ್ಲೋ. ಬಂದರದಾಗ ನೌಕರಿ ಅಂದಿದ್ದಿ."

"ಹ್ಯಾಂಗ ಹೇಳ್ಲಿರಿ? ಪುಸ್ತಕ ಎಲ್ಲಾ ಹುಡಿಕಿದ್ನಿ ಅಕ್ಕೋರ. ನೀವು ಬರದ ಬಂದರದಾಗ ನಾ ಮಾಡೂ ಕೆಲಸ ಇರಲಿಲ್ಲ."

ಅವನು ಅದನ್ನು ದೂರುವಂತೆ ಹೇಳಲಿಲ್ಲ, ಹವಾಮಾನ ಹೇಳುವಂತೆ ಹೇಳಿದ. ಹೆಂಗಸರು ಮೀನು ಕೆದರುವ ಸಪ್ಪಳ ಮಾತ್ರ ಇತ್ತು, ಒಣ ಎಲೆಗಳ ಮೇಲೆ ನಡೆದ ಹಾಗೆ. ಪುಸ್ತಕ ಇಲ್ಲ ಅಂದುಕೊಂಡೆ. ಧಾರವಾಡಕ್ಕೆ ಫೋನು ಮಾಡುವ ಕೆಲಸ ನನ್ನದೇ. ಕ್ಷಮಿಸಿ ಎಂದು ಶುರು ಮಾಡಬೇಕು. ಅದನ್ನು ಯೋಚಿಸುವುದಕ್ಕೂ ಆಯಾಸವಾಯಿತು.

"ವೈಜೂ, ಪೆನ್ನು ಅದ ಏನು?"

"ಅದ."

"ಕರಡು?"

ಚೀಲದ ಜಿಪ್ ತೆಗೆದು ಮೊದಲ ಅಧ್ಯಾಯದ ಪುಟಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡೆ.

"ಲೋಬಾನದ ಸಾಲು ಹೊಡದು ಹಾಕು. ಕಡ್ಲಿ, ಕಣಕಿ, ಎಲ್ಲಾ ಹೊಡಿ. ಬರಕೋ."

ಅವಳು ಮಾತಿನಲ್ಲಿ ನಮ್ಮ ಭಾಷೆಯವಳು, ಬರೆಸುವಾಗ ಪುಸ್ತಕದ ಭಾಷೆಯವಳು. ನಿಧಾನವಾಗಿ, ನಡುನಡುವೆ ಗಾಳಿಯನ್ನು ಮೂಗಿನಿಂದ ಎಳೆದುಕೊಳ್ಳುತ್ತ ಬರೆಸಿದಳು. ಬಲೆ ಬಿಡಿಸುವ ಮುದುಕ ಬಂದ. ಕಾಲಿನಿಂದ ಮೀನು ತಿರುವುವ ಹೆಂಗಸರು ಬಂದರು. ಕುದುರೆಯ ಹುಡುಗನ ಕೈಬೆರಳುಗಳ ಸಂದಿಯಲ್ಲಿ ಸುಲಿದ ಚರ್ಮ ಬಂತು. ಪುಟದ ಅಂಚು ಸಾಲದೆ ನಾನು ಹಿಂಬದಿಗೆ ತಿರುವಿದೆ. ಬಿಸಿಲು ಇಳಿಯತೊಡಗಿತ್ತು. ಮಹಿಬೂಬ ಎದ್ದು ಹೋಗಿ, ಶಮಶಾದಳಿಗೆ ಫೋನಿನಲ್ಲಿ ಏನೋ ಹೇಳುತ್ತಿದ್ದ. ಅತ್ಯಾ ಬರೆಸುವುದನ್ನು ನಿಲ್ಲಿಸಿ ಕೂಗಿದಳು:

"ಹೇಳು ಆಕಿಗೆ, ನಾಳಿಂದ ನಿಮ್ಮ ಅಡಿಗಿ ನೀವು ಮಾಡ್ಕೋರಿ ಅಂತ. ನನ್ನ ಒಲಿ ಬ್ಯಾರೆ ಖೋಲ್ಯಾಗ ಅದ. ಧೂಪದಾನಿ ಆರಿಸಿ ಇಡ್ರಿ, ಆ ಹುಡಿಗಿಗೆ ಕೆಮ್ಮ ಆಗ್ಯದ."

ಕೊನೆಗೆ ಕುದುರೆ ಬಂತು. ಹುಡುಗ ಅಂಗೈ ಚಾಚುತ್ತಾನೆ. ಅಂಗೈಯಲ್ಲಿ ಒಂದು ಹಿಡಿ ಒಣಮೀನು. ಅಷ್ಟು ವರ್ಷಗಳ ಹಿಂದೆ ತೆಗೆದುಹಾಕಿದ ಸಾಲುಗಳು ಅವಳಿಗೆ ಬಾಯಿಪಾಠ ಇದ್ದವು. ಒಂದು ಕಡೆಯೂ ತಡವರಿಸಲಿಲ್ಲ.

ಬರೆದು ಮುಗಿಸಿ ಪೆನ್ನು ಮುಚ್ಚಿದೆ. ಅವಳು ಗಿಡಕ್ಕೆ ಬೆನ್ನು ಆನಿಸಿ ಕಣ್ಣು ಮುಚ್ಚಿದಳು. ಇಡೀ ದಿನ ಒಂದು ಹನಿ ನೀರೂ ಕುಡಿಯದ ಮುಖ.

"ಓದು," ಎಂದಳು.

ನಾನು ಸುತ್ತ ನೋಡಿದೆ. ಹೆಂಗಸರು, ಮುದುಕ, ಮಹಿಬೂಬ. ತಗ್ಗಿದ ದನಿಯಲ್ಲಿ ಶುರು ಮಾಡಿ, ಆ ಜಾಗಕ್ಕೆ ಬಂದಾಗ ನನಗರಿವಿಲ್ಲದೆಯೇ ನಿಲ್ಲಿಸಿದೆ.

"ಅತ್ಯಾ, ಇವತ್ತ ಏಕಾದಶಿ."

"ಗೊತ್ತದ," ಎಂದಳು ಕಣ್ಣು ತೆರೆಯದೆ. "ಗಟ್ಟಿಯಾಗಿ ಓದು."